ಕತ್ತರಿ ಯಾರ ಕೈಯಲ್ಲಿತ್ತು? ಬರ್ಕ್ಲಿ–ಬಿಪಿ ಒಪ್ಪಂದದ ಪ್ರಕರಣ ಅಧ್ಯಯನ

2007ರ ಫೆಬ್ರವರಿ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಒಂದು ಘೋಷಣೆ ಹೊರಬಿತ್ತು. ತೈಲ ಕಂಪನಿ ಬಿಪಿ ಹತ್ತು ವರ್ಷಗಳಲ್ಲಿ 50 ಕೋಟಿ ಡಾಲರ್ ಕೊಡಲಿದೆ, ಆ ಹಣದಲ್ಲಿ ಎನರ್ಜಿ ಬಯೋಸೈನ್ಸಸ್ ಇನ್‌ಸ್ಟಿಟ್ಯೂಟ್ (ಇಬಿಐ) ಎಂಬ ಸಂಸ್ಥೆ ಏಳಲಿದೆ ಎಂದು. ಪಾಲುದಾರರು ಬರ್ಕ್ಲಿ, ಅದರ ಬೆನ್ನಿಗೇ ಗುಡ್ಡದ ಮೇಲಿರುವ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ, ಮತ್ತು ಅರ್ಬಾನಾ–ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ. ಹೇಳಿದ ಗುರಿ ಹುಲ್ಲು, ಕಡ್ಡಿ, ನಾರಿನಿಂದ ವಾಹನದ ಇಂಧನ ತೆಗೆಯುವುದು.

ಪಳೆಯುಳಿಕೆ ಇಂಧನದ ಕಂಪನಿಗಳ ಜೊತೆ ವಿಶ್ವವಿದ್ಯಾಲಯಗಳು ಸಂಶೋಧನೆಯ ನಂಟು ಕಡಿದುಕೊಳ್ಳಬೇಕೇ ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಬಿಸಿಯೇರಿದೆ. 2022ರ ಮಾರ್ಚ್‌ನಲ್ಲಿ ಸುಮಾರು 500 ವಿದ್ವಾಂಸರು ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಬಹಿರಂಗ ಪತ್ರ ಬರೆದು, ಹವಾಮಾನ ಸಂಶೋಧನೆಗೆ ಈ ಹಣ ಬೇಡ ಎಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 90 ಕಂಪನಿಗಳೊಡನೆ ಹಣದ ವ್ಯವಹಾರ ನಿಲ್ಲಿಸಲು ತೀರ್ಮಾನಿಸಿತು. ಅಂಥ ನಂಟು ಹುಟ್ಟಿದ್ದು ಹೇಗೆ, ಬಾಳಿದ್ದು ಹೇಗೆ, ಮುರಿದದ್ದು ಹೇಗೆ ಎಂದು ಆದಿಯಿಂದ ಅಂತ್ಯದವರೆಗೆ ನೋಡಲು ಬರ್ಕ್ಲಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅಲ್ಲಿ ವಿರೋಧವಿತ್ತು, ಮಧ್ಯದಲ್ಲೊಂದು ಮಹಾ ದುರಂತ ನಡೆಯಿತು, ಆದರೂ ವಿಶ್ವವಿದ್ಯಾಲಯ ನಂಟು ಕಡಿಯಲಿಲ್ಲ. ಕೊನೆಗೆ ಕಡಿದದ್ದು ಕಂಪನಿ.

ಒಮ್ಮೆ ಕಲಿತು ಮರೆತ ಪಾಠ

ಬರ್ಕ್ಲಿಗೆ ಇದು ಹೊಸದಾಗಿರಲಿಲ್ಲ. 1998ರಲ್ಲಿ ಅದರ ಸಸ್ಯ ಮತ್ತು ಸೂಕ್ಷ್ಮಜೀವಿ ವಿಭಾಗ ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಜೊತೆ ಐದು ವರ್ಷಕ್ಕೆ 2.5 ಕೋಟಿ ಡಾಲರಿನ ಕರಾರು ಮಾಡಿಕೊಂಡಿತ್ತು. ಬದಲಿಗೆ, ವಿಭಾಗದ ಸುಮಾರು ಮೂರನೇ ಒಂದು ಪಾಲು ಆವಿಷ್ಕಾರಗಳ ಪರವಾನಗಿಗೆ ಮೊದಲು ಮಾತುಕತೆ ನಡೆಸುವ ಹಕ್ಕು ಕಂಪನಿಗೆ ಸಿಕ್ಕಿತು. ಹಣ ಹಂಚುವ ಐದು ಜನರ ಸಮಿತಿಯಲ್ಲಿ ಎರಡು ಕುರ್ಚಿಯೂ ಸಿಕ್ಕಿತು. ಗಲಾಟೆ ಜೋರಾದಾಗ ಬರ್ಕ್ಲಿಯ ಅಧ್ಯಾಪಕರ ಸೆನೆಟ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದರಿಂದ ಪರಿಶೀಲನೆ ಮಾಡಿಸಿತು. 2004ರಲ್ಲಿ ಆ ತಂಡ ಸ್ಪಷ್ಟವಾಗಿ ಹೇಳಿತು: ಇಡೀ ವಿಭಾಗವನ್ನೋ ಸಂಶೋಧಕರ ದೊಡ್ಡ ಗುಂಪನ್ನೋ ಒಂದೇ ಕಂಪನಿಗೆ ಕಟ್ಟಿಹಾಕುವ ಕರಾರುಗಳಿಗೆ ಕೈ ಹಾಕಬೇಡಿ. ಮೂರೇ ವರ್ಷದಲ್ಲಿ ಅದೇ ವಿಶ್ವವಿದ್ಯಾಲಯ ಇಪ್ಪತ್ತು ಪಟ್ಟು ದೊಡ್ಡ ಕರಾರಿಗೆ ಸಹಿ ಹಾಕಿತು.

ಯಾಕೆ ಹೀಗಾಯಿತು ಎಂಬುದಕ್ಕೆ ಉತ್ತರ ಬಿಪಿ ಹಣ ಕೊಟ್ಟ ರೀತಿಯಲ್ಲೇ ಇದೆ. 2006ರಲ್ಲಿ ಕಂಪನಿ ಮೊದಲು ಮೊತ್ತವನ್ನು ಘೋಷಿಸಿತು, ಆಮೇಲೆ ಬರ್ಕ್ಲಿ, ಸ್ಯಾನ್ ಡಿಯೇಗೊ, ಎಂಐಟಿ, ಕೇಂಬ್ರಿಜ್, ಲಂಡನ್ನಿನ ಇಂಪೀರಿಯಲ್ ಕಾಲೇಜುಗಳನ್ನು ಸ್ಪರ್ಧೆಗೆ ಕರೆಯಿತು. ಸ್ಪರ್ಧೆಯಲ್ಲಿ ಗೆಲ್ಲಬೇಕಾದವರು ಷರತ್ತು ಹಾಕುವುದಿಲ್ಲ, ಒಪ್ಪಿಕೊಳ್ಳುತ್ತಾರೆ. ಯಾವ ಪ್ರಶ್ನೆಗಳನ್ನು ಕೇಳಬೇಕು, ಕಂಪನಿಯ ವಿಜ್ಞಾನಿಗಳು ಎಲ್ಲಿ ಕೂರಬೇಕು ಎಂಬುದರ ಚೌಕಟ್ಟು ಬಿಪಿಯ ಆಹ್ವಾನದಲ್ಲೇ ಇತ್ತು, ಅರ್ಜಿಗಳು ಆ ಚೌಕಟ್ಟಿನೊಳಗೇ ಬರೆಯಲ್ಪಟ್ಟವು. ಹೊರಗಿನವರು ಕರಾರಿನ ಪುಟಗಳಲ್ಲಿ ತಪ್ಪು ಹುಡುಕುತ್ತಾರೆ. ಬಿಟ್ಟುಕೊಡಬೇಕಾದ್ದರಲ್ಲಿ ಹೆಚ್ಚಿನದನ್ನು ಅರ್ಜಿ ಬರೆಯುವಾಗಲೇ ಬಿಟ್ಟುಕೊಟ್ಟಿರುತ್ತಾರೆ.

ಕ್ಯಾಂಪಸ್ಸಿನಲ್ಲಿ ಪ್ರತಿಭಟನೆ ಎದ್ದಿತು. 2007ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ಆಡಳಿತ ಕಚೇರಿ ಕ್ಯಾಲಿಫೋರ್ನಿಯಾ ಹಾಲ್‌ನ ಮುಂದೆ ಕಪ್ಪು ಕಾಕಂಬಿಯನ್ನು ಸುರಿದು ತೈಲ ಚೆಲ್ಲಿದ ದೃಶ್ಯ ಮಾಡಿ ತೋರಿಸಿದರು. ಏಪ್ರಿಲ್‌ನಲ್ಲಿ ಅಧ್ಯಾಪಕರ ಸೆನೆಟ್ ಸೇರಿತು. ಕರಾರಿನ ಮೇಲೆ ಕಣ್ಣಿಡಲು ವಿಶೇಷ ಸಮಿತಿ ಬೇಕು ಎಂಬ ಸೂಚನೆ ಅಲ್ಲಿ ಬಿದ್ದುಹೋಯಿತು. ನವೆಂಬರ್‌ನಲ್ಲಿ ಸಹಿ ಬಿತ್ತು.

ಕರಾರಿನ ಒಳಗೆ

ವರ್ಷಕ್ಕೆ 5 ಕೋಟಿ ಡಾಲರ್. ಅದರಲ್ಲಿ 3.5 ಕೋಟಿ ಮೂರು ಸಾರ್ವಜನಿಕ ಸಂಸ್ಥೆಗಳ ಬಹಿರಂಗ ಸಂಶೋಧನೆಗೆ. ಉಳಿದ 1.5 ಕೋಟಿ ಬಿಪಿಯದೇ ಗುಟ್ಟಿನ ಸಂಶೋಧನೆಗೆ. ಈ ಎರಡನೆಯ ಪಾಲು ವಿಶ್ವವಿದ್ಯಾಲಯದ ಕೈಗೆ ಬರುವ ಹಣವೇ ಅಲ್ಲ. ಕಂಪನಿಯ ಸುಮಾರು 50 ಮಂದಿ ಕ್ಯಾಂಪಸ್ಸಿನಲ್ಲೇ ಬಾಡಿಗೆ ಜಾಗದಲ್ಲಿ ಕೂತು, ಯಾರಿಗೂ ತೋರಿಸಬೇಕಿಲ್ಲದ ಕೆಲಸ ಮಾಡಬಹುದಿತ್ತು. ಅಂದರೆ ಒಂದೇ ಸಂಸ್ಥೆಯೊಳಗೆ ಒಂದು ಬಾಗಿಲು ಎಲ್ಲರಿಗೂ ತೆರೆದಿತ್ತು, ಇನ್ನೊಂದಕ್ಕೆ ಬೀಗ. ಬೀಗದ ಬಾಗಿಲಿನವರು ಈಚೆ ಬಂದು ಕೇಳಬಹುದು, ಓದಬಹುದು, ಚಹಾ ಕುಡಿಯುತ್ತಾ ಮಾತಾಡಬಹುದು. ಈಚೆಯವರು ಆಚೆ ಹೋಗುವಂತಿಲ್ಲ. ಪ್ರಯೋಗಾಲಯದ ಬದುಕು ಗೊತ್ತಿದ್ದವರಿಗೆ ಇದರ ತೂಕ ತಿಳಿಯುತ್ತದೆ. ಬರೆದ ಪ್ರಬಂಧಕ್ಕಿಂತ, ಇನ್ನೂ ಬರೆಯದ ಫಲಿತಾಂಶದ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ಆಡಳಿತ ಮಂಡಳಿಯಲ್ಲಿ ಎಂಟು ಜನ, ಬಿಪಿಯಿಂದ ನಾಲ್ವರು, ಸಾರ್ವಜನಿಕ ಸಂಸ್ಥೆಗಳಿಂದ ನಾಲ್ವರು. ನಿರ್ದೇಶಕರು ಬರ್ಕ್ಲಿಯವರು, ಸಹನಿರ್ದೇಶಕರಲ್ಲಿ ಒಬ್ಬರು ಬಿಪಿಯವರು. ಸಮಬಲ ಎಂದು ಇದನ್ನು ಹೊಗಳಿದವರುಂಟು. ಲೆಕ್ಕ ಹಾಗಿಲ್ಲ. ನಾಲ್ಕು–ನಾಲ್ಕು ಎಂದರೆ ಒಂದು ಕಡೆಯವರು ಒಟ್ಟಾಗಿ ಬೇಡ ಎಂದರೆ ಯಾವ ಯೋಜನೆಯೂ ಮುಂದೆ ಹೋಗದು. ವಿಶ್ವವಿದ್ಯಾಲಯದ ಕಡೆಯ ನಾಲ್ವರು ಬೇರೆಬೇರೆ ಮನೆಯವರು, ಕಂಪನಿಯ ನಾಲ್ವರಿಗೆ ಯಜಮಾನ ಒಬ್ಬನೇ. ಆವಿಷ್ಕಾರಗಳ ವಿಷಯದಲ್ಲಿ, ಅಧ್ಯಾಪಕರು ಕಂಡುಹಿಡಿದದ್ದರ ಪೇಟೆಂಟ್ ಅವರವರ ಸಂಸ್ಥೆಯದು. ಬಿಪಿಗೆ ಅದನ್ನು ಬಳಸುವ ಹಕ್ಕು, ಬೇಕಿದ್ದರೆ ತನಗೊಬ್ಬನಿಗೇ ಪರವಾನಗಿ ಪಡೆಯುವ ಆಯ್ಕೆ ಇತ್ತು.

ಬರ್ಕ್ಲಿ ಒಂದೇ ಹೀಗೆ ಮಾಡಿದ್ದೂ ಅಲ್ಲ. 2010ರಲ್ಲಿ ವಾಷಿಂಗ್ಟನ್ನಿನ ಸೆಂಟರ್ ಫಾರ್ ಅಮೆರಿಕನ್ ಪ್ರೋಗ್ರೆಸ್ ಎಂಬ ನೀತಿ ಅಧ್ಯಯನ ಸಂಸ್ಥೆ ಇಂಥ ಹತ್ತು ಇಂಧನ ಒಪ್ಪಂದಗಳ ಮೂಲಪ್ರತಿ ತರಿಸಿ ಓದಿಸಿತು. ಹತ್ತರಲ್ಲಿ ಒಂಬತ್ತರಲ್ಲಿ ಮುಖ್ಯ ಆಡಳಿತ ಮಂಡಳಿಯ ಬಹುಮತ ವಿಶ್ವವಿದ್ಯಾಲಯದ ಕೈಯಲ್ಲಿರಲಿಲ್ಲ. ಯೋಜನೆಗಳನ್ನು ಹೊರಗಿನ ಸ್ವತಂತ್ರ ತಜ್ಞರಿಂದ ತೂಗಿಸಿಯೇ ಹಣ ಕೊಡಬೇಕೆಂಬ ಷರತ್ತು ಹತ್ತರಲ್ಲಿ ಒಂದರಲ್ಲೂ ಇರಲಿಲ್ಲ.

ಹುಲ್ಲಿನ ಕೆಲಸ, ಬಾವಿಯ ಕೆಲಸ

ಇಬಿಐಯ ವಿಜ್ಞಾನ ಕಳಪೆಯಾಗಿತ್ತು ಎಂದು ಹೇಳುವುದು ಅನ್ಯಾಯ. ನಮ್ಮ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಹಿಡಿದದ್ದು ಹೊಂಗೆಯಂಥ ಬೀಜದ ಎಣ್ಣೆಯ ದಾರಿ. ಬೀಜ ಹಿಂಡಿದರೆ ಎಣ್ಣೆ ಬರುತ್ತದೆ, ಮುಂದಿನ ರಸಾಯನ ಸುಲಭ. ಬರ್ಕ್ಲಿ, ಇಲಿನಾಯ್ ಹಿಡಿದದ್ದು ನಾರಿನ ದಾರಿ, ಅದು ಬಹಳ ಕಠಿಣ. ಅರ್ಬಾನಾದ ದಕ್ಷಿಣಕ್ಕೆ 320 ಎಕರೆ ಹೊಲದಲ್ಲಿ ಮಿಸ್ಕಾಂಥಸ್ ಎಂಬ ಆಳೆತ್ತರ ಮೀರಿದ ಹುಲ್ಲು ಬೆಳೆಸಿದರು. ಅದಕ್ಕೆ ಬೀಜ ಕಟ್ಟುವುದಿಲ್ಲ, ಅರಿಶಿನ ನೆಟ್ಟಂತೆ ಗೆಡ್ಡೆ ನೆಡಬೇಕು. ಮೊದಲ ವರ್ಷ ಕಳೆ ತೆಗೆಯದಿದ್ದರೆ ಸತ್ತುಹೋಗುತ್ತದೆ. ಪೂರ್ತಿ ಇಳುವರಿ ಮೂರನೆಯ ವರ್ಷದಿಂದ, ಆಮೇಲೆ ಹದಿನೈದು ವರ್ಷಕ್ಕೂ ಮೇಲೆ ಅದೇ ಬುಡದಿಂದ ಕೊಯ್ಯಬಹುದು. ಚಳಿಗಾಲದಲ್ಲಿ ಸಾರಜನಕ ಗೆಡ್ಡೆಗೆ ಇಳಿದ ಮೇಲೆ ಒಣಕಡ್ಡಿ ಕೊಯ್ದರೆ ಗೊಬ್ಬರವೂ ಅಷ್ಟಾಗಿ ಬೇಡ.

ಕಷ್ಟ ಆಮೇಲಿನದು. ಕಡ್ಡಿಯ ಸಕ್ಕರೆ ಲಿಗ್ನಿನ್ ಎಂಬ ಅಂಟಿನ ಹಿಂದೆ ಅಡಗಿರುತ್ತದೆ. ಬಿಸಿ ಆಮ್ಲದಿಂದಲೋ ಬೇರೆ ದ್ರಾವಣದಿಂದಲೋ ಅದನ್ನು ಸಡಿಲಿಸಿ, ದುಬಾರಿ ಕಿಣ್ವ ಹಾಕಿ ಸಕ್ಕರೆ ಬಿಡಿಸಬೇಕು. ಬಿಡಿಸಿದ ಸಕ್ಕರೆಯಲ್ಲಿ ಒಂದು ದೊಡ್ಡ ಪಾಲು ಕ್ಸೈಲೋಸ್. ಸಾಮಾನ್ಯ ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಎರಡು ಬಗೆಯ ಸಕ್ಕರೆಯನ್ನು ಒಟ್ಟಿಗೇ ಹುದುಗಿಸುವ ಯೀಸ್ಟನ್ನು ಇಬಿಐ ಸಂಶೋಧಕರು ರೂಪಿಸಿ 2011ರಲ್ಲಿ ಪ್ರಕಟಿಸಿದರು. ಅದು ನಿಜವಾದ ಸಾಧನೆ.

ಅದೇ ಸಂಸ್ಥೆಯ ಇನ್ನೊಂದು ವಿಭಾಗದ ಕೆಲಸ ಬೇರೆ. ತೈಲಬಾವಿಯಿಂದ ಮಾಮೂಲು ವಿಧಾನದಲ್ಲಿ ಮೇಲೆ ಬರುವುದು ಸರಿಸುಮಾರು ಮೂರನೇ ಒಂದು ಪಾಲು, ಉಳಿದದ್ದು ಬಂಡೆಯ ರಂಧ್ರಗಳಲ್ಲಿ ಅಂಟಿಕೊಂಡಿರುತ್ತದೆ. ಕೆಳಗಿರುವ ಬ್ಯಾಕ್ಟೀರಿಯಾಗಳಿಗೆ ಪೋಷಕಾಂಶ ಇಳಿಸಿ, ಅವು ಬೆಳೆದು ಸೋಪಿನಂಥ ವಸ್ತು ಬಿಡುವಂತೆ, ನೀರು ಸುಮ್ಮನೆ ಹರಿದುಹೋಗುವ ದಾರಿಗಳನ್ನು ಮುಚ್ಚುವಂತೆ ಮಾಡಿ, ಆ ಉಳಿಕೆಯನ್ನೂ ಮೇಲೆತ್ತುವುದು ಹೇಗೆ ಎಂಬ ಸಂಶೋಧನೆ ಅದು. ಹುಲ್ಲಿನ ಇಂಧನದ ಸಂಸ್ಥೆ ಎಂದು ಜನರ ಮುಂದೆ ನಿಂತ ಮನೆಯಲ್ಲಿ ಹಳೆಯ ಬಾವಿಯಿಂದ ಇನ್ನಷ್ಟು ತೈಲ ತೆಗೆಯುವ ಕೆಲಸಕ್ಕೂ ಜಾಗ ಸಿಕ್ಕಿದ್ದು ಪ್ರಶ್ನೆ ಆರಿಸುವ ಮೇಜಿನಲ್ಲಿ ಬಿಪಿ ಕೂತಿದ್ದರಿಂದ.

2010ರ ಬೇಸಿಗೆ

ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿಗಾಗಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ವೇದಿಕೆ ಸ್ಫೋಟಿಸಿತು. 11 ಕಾರ್ಮಿಕರು ಸತ್ತರು. ಬಾವಿಯ ಬಾಯಿ ಮುಚ್ಚಲು ಜುಲೈ 15ರವರೆಗೆ ಹಿಡಿಯಿತು. ಚೆಲ್ಲಿದ ತೈಲದ ಒಂದು ಭಾಗ ಮೇಲೆ ಬರದೆ, ಸುಮಾರು 1,100 ಮೀಟರ್ ಆಳದಲ್ಲಿ ಮೋಡದಂತೆ ಹರಡಿತ್ತು. ಅದು ಎಷ್ಟು ದಿನ ಇರುತ್ತದೆ ಎಂಬುದು ಮೀನುಗಾರರಿಗೂ ನ್ಯಾಯಾಲಯಕ್ಕೂ ಮುಖ್ಯವಾದ ಪ್ರಶ್ನೆ.

ಆಗಸ್ಟ್‌ನಲ್ಲಿ ಎರಡು ಪ್ರಬಂಧ ಒಂದೇ ವಾರದ ಅಂತರದಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದವು. ವುಡ್ಸ್ ಹೋಲ್ ಸಾಗರ ಸಂಸ್ಥೆಯ ತಂಡ, ಆ ಮೋಡ 35 ಕಿಲೋಮೀಟರಿಗೂ ಉದ್ದ ಇತ್ತು, ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ತಿನ್ನುತ್ತಿವೆ, ತಿಂಗಳುಗಟ್ಟಲೆ ಉಳಿಯಬಹುದು ಎಂದಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ತಂಡ, 5 ಡಿಗ್ರಿಯ ತಣ್ಣೀರಿನಲ್ಲೂ ಬ್ಯಾಕ್ಟೀರಿಯಾ ನಿರೀಕ್ಷೆಗಿಂತ ವೇಗವಾಗಿ ತಿನ್ನುತ್ತಿದೆ, ತೈಲದ ಕೆಲವು ಅಂಶಗಳು ಅರ್ಧಕ್ಕಿಳಿಯಲು 1.2ರಿಂದ 6.1 ದಿನ ಸಾಕು ಎಂದಿತು. ಈ ಎರಡನೆಯ ತಂಡಕ್ಕೆ ಹಣ ಬಂದದ್ದು ಇಬಿಐಯಿಂದ, ಅಂದರೆ ಬಿಪಿಯಿಂದ.

ಹಾಗಾದರೆ ಎರಡನೆಯದು ಸುಳ್ಳೇ? ಹಾಗೆನ್ನಲು ಯಾವ ಆಧಾರವೂ ಇಲ್ಲ. ಮಾದರಿ ತೆಗೆದ ದಿನಗಳು ಬೇರೆ, ಅಳೆದ ಅಂಶಗಳು ಬೇರೆ. ಒಂದು ತಂಡ ಮುಖ್ಯವಾಗಿ ನೀರಿನ ಆಮ್ಲಜನಕದ ಇಳಿಕೆಯಿಂದ ಲೆಕ್ಕ ಹಾಕಿತು, ಇನ್ನೊಂದು ಜೀನುಗಳನ್ನೂ ತೈಲದ ಅಣುಗಳ ಇಳಿಕೆಯನ್ನೂ ನೋಡಿತು. ಹಣದ ಮೂಲವನ್ನು ಯಾರೂ ಮುಚ್ಚಿಡಲಿಲ್ಲ. ಆದರೂ ಒಂದು ಕೆಡುಕು ನಡೆದೇ ಹೋಯಿತು. ಚೆಲ್ಲಿದವನಿಗೆ ಅನುಕೂಲವಾಗುವ ಫಲಿತಾಂಶ ಚೆಲ್ಲಿದವನ ಹಣದಿಂದಲೇ ಬಂದಾಗ, ಪ್ರಾಮಾಣಿಕ ವಿಜ್ಞಾನಿಯ ಮಾತೂ ಅರ್ಧ ಬೆಲೆಗೆ ಇಳಿಯಿತು. ಕೊಲ್ಲಿಯ ಜನರಿಗೆ ನಂಬಬಹುದಾದ ಉತ್ತರ ಬೇಕಿತ್ತು. ಒಪ್ಪಬೇಕೋ ಬೇಡವೋ ಎಂಬ ಅನುಮಾನ ಸಿಕ್ಕಿತು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತದೆ ನಮ್ಮ ಗಾದೆ. ಸಂಶೋಧಕನ ಕೆಲಸವೇ ಜಂತೆ ಎಣಿಸುವುದು. ಎಣಿಸಬೇಕಾದ ಮನೆಯಲ್ಲಿ ಉಣ್ಣದಿರುವುದೊಂದೇ ದಾರಿ.

ಇಂಧನ ನೀತಿಯ ವರದಿಗಳಲ್ಲಿ ಈ ಋಣ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 26 ವಿಶ್ವವಿದ್ಯಾಲಯ ಕೇಂದ್ರಗಳ 1,700ಕ್ಕೂ ಹೆಚ್ಚು ವರದಿಗಳ ಭಾಷೆಯನ್ನು ಕಂಪ್ಯೂಟರಿನಿಂದ ಅಳೆದು 2022ರಲ್ಲಿ ಪ್ರಕಟಿಸಿದರು. ಪಳೆಯುಳಿಕೆ ಇಂಧನದ ಹಣ ಪಡೆಯುವ ಕೇಂದ್ರಗಳ ಬರವಣಿಗೆ ನೈಸರ್ಗಿಕ ಅನಿಲದ ಕಡೆಗೆ ಹೆಚ್ಚು ಒಲವು ತೋರಿತು. ಇಲ್ಲಿ ಯಾರೂ ಅಂಕಿ ತಿದ್ದಬೇಕಿಲ್ಲ. ಯಾವ ವಿಷಯ ಎತ್ತಿಕೊಂಡೆವು, ಯಾವುದನ್ನು ಬದಿಗಿಟ್ಟೆವು ಎಂಬುದರಲ್ಲೇ ವಾಲುವಿಕೆ ಇರುತ್ತದೆ.

ಹಣ ನಿಂತದ್ದು

2010ರ ಜುಲೈನಲ್ಲಿ ಬಿಪಿ ವೆರೆನಿಯಂ ಕಂಪನಿಯ ನಾರಿನ ಇಂಧನದ ವ್ಯಾಪಾರವನ್ನು 9.83 ಕೋಟಿ ಡಾಲರಿಗೆ ಕೊಂಡಿತು. ಫ್ಲಾರಿಡಾದಲ್ಲಿ ವರ್ಷಕ್ಕೆ 3.6 ಕೋಟಿ ಗ್ಯಾಲನ್ ತೆಗೆಯುವ ಕಾರ್ಖಾನೆ ಕಟ್ಟುತ್ತೇನೆಂದಿತ್ತು, 2012ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟಿತು. 2014ರ ಜೂನ್‌ನಲ್ಲಿ ಪೀಪಾಯಿಗೆ 115 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾತೈಲ, 2015ರ ಜನವರಿಗೆ 50ಕ್ಕಿಂತ ಕೆಳಗಿಳಿಯಿತು. ತೈಲ ಅಗ್ಗವಾದರೆ ಹುಲ್ಲಿನ ಇಂಧನಕ್ಕೆ ಮಾರುಕಟ್ಟೆ ಇಲ್ಲ. ತೈಲ ಅಗ್ಗವಾದರೆ ತೈಲ ಕಂಪನಿಯ ಜೇಬೂ ಬಿಗಿ. ಎರಡು ಪೆಟ್ಟೂ ಒಟ್ಟಿಗೇ ಬಿದ್ದವು. ಹತ್ತು ವರ್ಷ ತುಂಬುವ ಮೊದಲೇ ಬಿಪಿ ಇಬಿಐಯ ಹಣ ಕಡಿತ ಮಾಡಿತು. 2017ರಲ್ಲಿ ಸಂಸ್ಥೆ ಶೆಲ್ ಜೊತೆ ಹೊಸ ಕರಾರು ಮಾಡಿಕೊಂಡಿತು: ಐದು ವರ್ಷಕ್ಕೆ 2.5 ಕೋಟಿ ಡಾಲರ್. ವರ್ಷಕ್ಕೆ 50 ಲಕ್ಷ, ಬಿಪಿಯ ಬಹಿರಂಗ ಪಾಲಿನ ಏಳನೇ ಒಂದು ಭಾಗ.

ಹವಾಮಾನಕ್ಕೆ ಬೇಕಾದ ಸಂಶೋಧನೆ ತೈಲ ಬೆಲೆಯ ಜೊತೆ ಏರಿಳಿಯುವುದು ಈ ಬಗೆಯ ಹಣದ ಹುಟ್ಟುಗುಣ. ಹದಿನೈದು ವರ್ಷ ಬಾಳುವ ಹುಲ್ಲನ್ನು, ಹತ್ತು ವರ್ಷವೂ ಬಾಳದ ಹಣದಿಂದ ನೆಟ್ಟಿದ್ದರು.

ಕಡಿಯಬೇಕಾದ್ದು, ಉಳಿಸಬಹುದಾದ್ದು

ಈ ಪ್ರಕರಣ ಓದಿದ ಮೇಲೆ ನಮ್ಮ ನಿಲುವು ಇಷ್ಟು: ಹವಾಮಾನ, ಇಂಧನ ನೀತಿ, ಮಾಲಿನ್ಯದ ಹಾನಿ ಅಳೆಯುವ ಕೆಲಸಕ್ಕೆ ಈ ಕಂಪನಿಗಳ ಹಣ ಪೂರ್ತಿ ನಿಲ್ಲಬೇಕು. ಪ್ರಶ್ನೆ ಆರಿಸುವ ಮೇಜಿನಲ್ಲಿ ಕಂಪನಿಗೆ ಕುರ್ಚಿ ಇರುವ ಯಾವ ಸಂಸ್ಥೆಯೂ ವಿಶ್ವವಿದ್ಯಾಲಯದ ಹೆಸರಲ್ಲಿ ನಡೆಯಬಾರದು. ಆದರೆ ಹಣದ ನಂಟು ಬೇರೆ, ಸ್ಥಳಕ್ಕೆ ಪ್ರವೇಶದ ನಂಟು ಬೇರೆ. ಬಾವಿಗಳಿಂದ ಮೀಥೇನ್ ಎಷ್ಟು ಸೋರುತ್ತದೆ ಎಂದು ಹತ್ತಿರದಿಂದ ಅಳೆಯಲು ಬಾವಿಯ ಬೇಲಿಯೊಳಗೆ ಹೋಗಲೇಬೇಕು. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಒಂಬತ್ತು ಕಂಪನಿಗಳ ನೆರವಿನಿಂದ 190 ಸ್ಥಳಗಳಲ್ಲಿ ಅಳೆಯಿತು. ಆಮೇಲೆ ಆ ಅಳತೆಯ ಉಪಕರಣದ ಬಗ್ಗೆಯೇ ಪ್ರಶ್ನೆ ಎದ್ದಿತು. ಸೋರಿಕೆ ಹೆಚ್ಚಿದಾಗ ಅದರ ಸಂವೇದಕ ಕಡಿಮೆ ಮಟ್ಟದಿಂದ ಹೆಚ್ಚಿನ ಮಟ್ಟಕ್ಕೆ ಬದಲಾಗದೆ ಉಳಿದು, ದೊಡ್ಡ ಸೋರಿಕೆಯನ್ನು ಚಿಕ್ಕದೆಂದು ತೋರಿಸಬಲ್ಲದು ಎಂದು. ಇಂಥ ಕಡೆ ಪ್ರವೇಶ ಬೇಕು, ಆದರೆ ಅಳೆಯುವ ಸ್ಥಳಗಳನ್ನು ಚೀಟಿ ಎತ್ತಿದಂತೆ ಆರಿಸುವವರು ಸಂಶೋಧಕರಾಗಿರಬೇಕು, ಹಣ ಬೇರೆ ಮೂಲದ್ದಾಗಿರಬೇಕು.

ಕಡಿಯಲು ಹೊರಟ ವಿಶ್ವವಿದ್ಯಾಲಯ ಮೊದಲು ಎಡವುವುದು ಪಟ್ಟಿಯಲ್ಲಿ. ಸಂಶೋಧನಾ ಕಚೇರಿಯ ಲೆಕ್ಕದಲ್ಲಿ ಯೋಜನೆಗಳ ಹಣ ಮಾತ್ರ ಇರುತ್ತದೆ. ದೇಣಿಗೆ, ಕಂಪನಿಯ ಹೆಸರಿನ ಪೀಠ, ವಿದ್ಯಾರ್ಥಿವೇತನ ಇವೆಲ್ಲ ದೇಣಿಗೆ ಕಚೇರಿಯ ಬೇರೆ ಪುಸ್ತಕದಲ್ಲಿರುತ್ತವೆ. ಸದಸ್ಯತ್ವ ಶುಲ್ಕ ಕೊಟ್ಟು ಸೇರುವ ಕೂಟಗಳು ವಿಭಾಗದ ಮಟ್ಟದಲ್ಲೇ ಉಳಿದಿರುತ್ತವೆ. ಇನ್ನೊಂದು ವಿಶ್ವವಿದ್ಯಾಲಯದ ಮೂಲಕ ಉಪಗುತ್ತಿಗೆಯಾಗಿ ಬಂದ ಹಣದ ಮೇಲೆ ಕಂಪನಿಯ ಹೆಸರೇ ಇರುವುದಿಲ್ಲ. ಅಮೆರಿಕದಲ್ಲಿ ಪ್ರಾಧ್ಯಾಪಕರಿಗೆ ಸಾಮಾನ್ಯವಾಗಿ ವಾರಕ್ಕೊಂದು ದಿನ ಖಾಸಗಿ ಸಲಹೆಗೆ ಅವಕಾಶವಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಈ ಐದನ್ನೂ ಒಂದೇ ಹಾಳೆಗೆ ತರದೆ ನಿರ್ಧಾರ ಘೋಷಿಸಿದರೆ, ಮುಂಬಾಗಿಲಲ್ಲಿ ನಿಲ್ಲಿಸಿದ ಹಣ ಹಿತ್ತಲಿನಿಂದ ಒಳಬರುತ್ತದೆ.

ಎರಡನೆಯದು ಯಾರು ಪಟ್ಟಿಯಲ್ಲಿ ಎಂಬುದು. 2022ರಲ್ಲಿ ಪ್ರಿನ್ಸ್‌ಟನ್ನಿನ ಅಳತೆಗೋಲು ಉಷ್ಣಸ್ಥಾವರದ ಕಲ್ಲಿದ್ದಲು ಮತ್ತು ಟಾರ್ ಮರಳು (ಡಾಂಬರಿನಂಥ ತೈಲ ಬೆರೆತ ಮರಳು) ಆಗಿತ್ತು. ಆ ಗೆರೆಯಲ್ಲಿ ಎಕ್ಸಾನ್‌ಮೊಬಿಲ್ ಸಿಕ್ಕಿತು, ಬಿಪಿ ಸಿಗಲಿಲ್ಲ. 2000ದಿಂದ ಅಲ್ಲಿನ ಇಂಗಾಲ ಸಂಶೋಧನೆಗೆ ಹಣ ಕೊಡುತ್ತಿದ್ದದ್ದು ಬಿಪಿಯೇ. ಗೆರೆಯನ್ನು ಬರೆಯುವ ಮೊದಲು ಅದರ ಎರಡೂ ಕಡೆ ಯಾರು ಬೀಳುತ್ತಾರೆಂದು ಬಹಿರಂಗವಾಗಿ ತೋರಿಸಬೇಕು. ಅಂಗಸಂಸ್ಥೆಗಳು, ಕೊರೆಯುವ ಸೇವಾ ಕಂಪನಿಗಳು, ಉದ್ಯಮ ಸಂಘಗಳು ಸೇರುತ್ತವೋ ಇಲ್ಲವೋ ಎಂದು ಬರೆದಿಡಬೇಕು.

ನಮ್ಮ ದೇಶದಲ್ಲಿ ಮಾತು ಸ್ವಲ್ಪ ತಿರುಗುತ್ತದೆ. ಇಲ್ಲಿನ ದೊಡ್ಡ ತೈಲ, ಕಲ್ಲಿದ್ದಲು ಕಂಪನಿಗಳಲ್ಲಿ ಹೆಚ್ಚಿನವು ಸರ್ಕಾರದವು, ವಿಶ್ವವಿದ್ಯಾಲಯಗಳೂ ಬಹುಪಾಲು ಸರ್ಕಾರದವು. 2013ರ ಕಂಪನಿ ಕಾಯ್ದೆಯ ಪ್ರಕಾರ ಸಾಮಾಜಿಕ ಹೊಣೆಗೆ ಎತ್ತಿಡುವ 2 ಶೇಕಡಾ ಲಾಭದಿಂದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಕೊಡಬಹುದು. ಬೆಂಗಳೂರಿನ ಸುತ್ತಲೇ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಶೆಲ್‌ನ ಸಂಶೋಧನಾ ಕೇಂದ್ರಗಳಿವೆ. ಪೂರ್ತಿ ಕಡಿಯುವುದು ಇಲ್ಲಿ ಹತ್ತಿರದ ಮಾತಲ್ಲ, ಹಾಗಾಗಿ ಕರಾರಿನ ಒಂದೊಂದು ಸಾಲೂ ಇಲ್ಲಿ ಹೆಚ್ಚು ಮುಖ್ಯ. ಪ್ರಕಟಣೆಗೆ ಮುನ್ನ ಕಂಪನಿ ಓದಲು 30 ದಿನ, ಪೇಟೆಂಟ್ ಅರ್ಜಿಗೆ ಬೇಕಿದ್ದರೆ ಇನ್ನು 30 ದಿನ, ತಡೆಯುವ ಹಕ್ಕು ಎಂದೂ ಇಲ್ಲ. ಯೋಜನೆ ಆರಿಸುವುದು ಹೊರಗಿನ ತಜ್ಞರು. ಕರಾರಿನ ಪೂರ್ಣ ಪ್ರತಿ ಸಹಿಯಾದ ದಿನವೇ ಜಾಲತಾಣದಲ್ಲಿ.

ಮತ್ತೆ ಎಲ್ಲರೂ ಮರೆಯುವ ಸಾಲೊಂದಿದೆ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಎರಡು ಕಡೆಯವರಲ್ಲಿ ಯಾರಾದರೂ 30ರಿಂದ 90 ದಿನದ ನೋಟಿಸ್ ಕೊಟ್ಟು ಹೊರನಡೆಯಬಹುದು, ಆಗಲೇ ಒಪ್ಪಿಕೊಂಡ ಖರ್ಚನ್ನು ಮಾತ್ರ ಕಂಪನಿ ತೀರಿಸುತ್ತದೆ. ಪಿಎಚ್‌ಡಿಗೆ ಐದು ವರ್ಷ ಬೇಕು. ನೋಟಿಸ್ ಬಂದಾಗ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಗೆ 90 ದಿನದಲ್ಲಿ ಹೊಸ ಮಾರ್ಗದರ್ಶಕರು, ಹೊಸ ವಿಷಯ ಸಿಗುವುದಿಲ್ಲ. ಆದ್ದರಿಂದ ‘ಒಪ್ಪಿಕೊಂಡ ಖರ್ಚು’ ಎಂಬುದರ ವ್ಯಾಖ್ಯೆಯಲ್ಲೇ, ಸೇರಿಸಿಕೊಂಡ ಪ್ರತಿ ವಿದ್ಯಾರ್ಥಿಯ ಪದವಿ ಮುಗಿಯುವವರೆಗಿನ ವೇತನ ಮತ್ತು ಶುಲ್ಕ ಎಂದು ಬರೆಸಬೇಕು. ಆ ಮೊತ್ತವನ್ನು ಮೊದಲ ಕಂತಿನಲ್ಲೇ ಪ್ರತ್ಯೇಕ ಖಾತೆಗೆ ಹಾಕಿಸಬೇಕು. ಈಗಾಗಲೇ ಸಹಿಯಾದ ಕರಾರಿನಿಂದ ವಿಶ್ವವಿದ್ಯಾಲಯವೇ ಹೊರಬರುವುದಾದರೆ ಅಷ್ಟೂ ಹಣವನ್ನು ತನ್ನ ನಿಧಿಯಿಂದ ಎತ್ತಿಟ್ಟು, ವಿದ್ಯಾರ್ಥಿಗಳ ಹೆಸರು ಮತ್ತು ಉಳಿದ ತಿಂಗಳುಗಳ ಪಟ್ಟಿ ಮಾಡಿದ ಮೇಲೆ ನೋಟಿಸ್ ಕಳಿಸಬೇಕು.